ಬ್ಲೌಸಿನವಳು ಹೈದರಾಬಾದಿಗೆ ಹೊರಟಿದ್ದು

ಮೆಲ್ಲಗೆ ಓದಿ. ತುಟಿ ಅಲ್ಲಾಡಿಸಬೇಡಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಆ ಕಡೆ ಬೆನ್ನು ಹಾಕಿ ಕೂತ್ಕೊಳ್ಳಿ. ಈಗ ನಾನು ಹೇಳೋದು ನಿಮ್ಮ ಹೊಟ್ಟೆಯಲ್ಲೇ ಇರಬೇಕು. ಆಚೆ ಬಿದ್ದರೆ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಬೀಳುತ್ತೆ.

ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ಅಲ್ಲಿ ಕಲಿತೆ, ಮಿಕ್ಕಿದ್ದೆಲ್ಲ ಈ ಬೀದಿಯಲ್ಲಿ ಕಲಿತೆ. ಇಂಥ ಗುಟ್ಟು ನಮ್ಮಲ್ಲಿ ವಾರಕ್ಕೊಂದು ಹುಟ್ತಾನೇ ಇರುತ್ತೆ. ಗುಟ್ಟು ಅನ್ನೋದು ಹಾಲಿದ್ದ ಹಾಗೆ. ಕಾಯಿಸದೆ ಇಟ್ಟರೆ ಒಡೆದುಹೋಗುತ್ತೆ. ಆ ಕಾಯಿಸೋ ಕೆಲಸವನ್ನ ದೇವರು ನನಗೆ ವಹಿಸಿದಾನೆ.

ನಮ್ಮದು ಪುಟ್ಟೇನಹಳ್ಳಿ ಕೆರೆ ಹಿಂದಿನ ಬೀದಿ. ನಾನು ಮದುವೆಯಾಗಿ ಬಂದಾಗ ಇದು ಹಳ್ಳಿ, ಎದುರಿಗೆ ನಮ್ಮದೇ ರಾಗಿ ಹೊಲ. ಈಗ ಆ ಹೊಲದಲ್ಲಿ ಹದಿನಾಲ್ಕು ಅಂತಸ್ತು ಎದ್ದಿದೆ. ನಾನು ಮಾತ್ರ ಈ ಜಗಲಿ ಬಿಟ್ಟು ಎದ್ದಿಲ್ಲ. ಬೆಂಗಳೂರೇ ನಡ್ಕೊಂಡು ನನ್ನ ಹತ್ತಿರ ಬಂತು. ಅದಕ್ಕೇ ಊರು ಬಿಟ್ಟು, ರಾಜ್ಯ ಬಿಟ್ಟು ಹೋಗ್ತೀವಿ ಅನ್ನೋರನ್ನ ಕಂಡರೆ ನನಗೆ ಅರ್ಥವಾಗಲ್ಲ. ಸ್ವಲ್ಪ ತಾಳ್ಮೆಯಿಂದ ಕೂತರೆ ಹೈದರಾಬಾದೂ ಇಲ್ಲಿಗೇ ಬಂದೀತು.

೧. ತುಳಸಿ ಮೇಲೆ ಆಣೆ

ಎದುರು ಮನೆಯವಳು ಬ್ಲೌಸ್ ಹೊಲಿಯೋಳು. ವಯಸ್ಸು ಐವತ್ತರ ಹತ್ತಿರ. ಇರೋ ಒಬ್ಬ ಮಗಳನ್ನ ತಲಘಟ್ಟಪುರಕ್ಕೆ ಕೊಟ್ಟಾಯ್ತು. ಗಂಡ ಸ್ಕೂಲ್ ವ್ಯಾನ್ ಓಡಿಸ್ತಾನೆ. ಮನೆ ಮುಂದಿನ ರೂಮಲ್ಲಿ ಮೆಶೀನು, ಮೆಶೀನಿನ ಪಕ್ಕ ಒಂದು ಸ್ಟೂಲು. ದಿನಾ ಹನ್ನೊಂದರಿಂದ ಒಂದು ಗಂಟೆವರೆಗೂ ಆ ಸ್ಟೂಲಿನ ಮೇಲೆ ನಾನು. ಅವಳು ಹೊಲೀತಾಳೆ, ನಾನು ಮಾತಾಡ್ತೀನಿ. ಇಪ್ಪತ್ತು ವರ್ಷದಿಂದ ಇಬ್ಬರ ಕೆಲಸವೂ ನಿಂತಿಲ್ಲ.

ಆವತ್ತು ಮೆಶೀನು ನಿಂತಿತು.

"ಅಜ್ಜಿ, ಒಂದು ವಿಷ್ಯ. ಯಾರಿಗೂ ಹೇಳ್ಬೇಡಿ" ಅಂದಳು.

"ಅಂಥದ್ದೆಲ್ಲ ನನಗ್ಯಾಕೆ ಹೇಳ್ತೀಯ" ಅಂದು ಸ್ಟೂಲನ್ನ ಹತ್ತಿರಕ್ಕೆ ಎಳ್ಕೊಂಡೆ.

ವಿಷಯ ಇಷ್ಟು. ಕನಕಪುರ ರಸ್ತೆಯ ಛತ್ರದಲ್ಲಿ ಒಂದು ಮದುವೆ. ಹೆಣ್ಣಿನ ಬ್ಲೌಸು ಇವಳ ಕೈಯಿಂದು. ಹೈದರಾಬಾದಿಂದ ಬಂದಿದ್ದ ಒಬ್ಬ ಮೇಡಂ, ಧಾರೆ ನಡೆಯೋವಾಗ ಎಲ್ಲರೂ ಹುಡುಗಿ ಮುಖ ನೋಡಿದರೆ ಅವರು ಹುಡುಗಿ ಬೆನ್ನು ನೋಡಿದಾರೆ. ಯಾರು ಹೊಲಿದಿದ್ದು ಅಂತ ಹುಡುಕ್ಕೊಂಡು ಈ ಬೀದಿವರೆಗೂ ಬಂದಿದಾರೆ. ಅವರದ್ದು ಅಲ್ಲಿ ಮದುವೆ ಬ್ಲೌಸಿನದ್ದೇ ದೊಡ್ಡ ಅಂಗಡಿ. ಇವಳು ಹೋದರೆ ಕೈಕೆಳಗೆ ಹನ್ನೆರಡು ಹೆಂಗಸರು, ಎಸಿ ರೂಮು, ಮೇಲ್ಗಡೆ ಇರೋಕೆ ಮನೆ, ಗಂಡನಿಗೆ ಅಂಗಡಿ ಗಾಡಿ ಓಡಿಸೋ ಕೆಲಸ.

"ಈ ವಯಸ್ಸಲ್ಲಿ ಇಂಥದ್ದು ಇನ್ನೊಂದ್ಸಲ ಬರುತ್ತಾ ಅಜ್ಜಿ? ಇಲ್ಲಿ ಫಾಲ್ ಹಾಕಿ ಹಾಕಿ ಕಣ್ಣು ಹೋಯ್ತು. ಆದ್ರೆ ಭಾಷೆ ಬೇರೆ, ಜನ ಬೇರೆ. ಹೋಗೋದೋ ಬೇಡ್ವೋ, ಒಂದೂ ತೋಚ್ತಿಲ್ಲ."

"ನಿನ್ನ ಗಂಡ ಏನಂತಾನೆ?"

"ನೀನು ಹೇಗಂದ್ರೆ ಹಾಗೆ ಅಂತಾರೆ."

"ತಾಳಿ ಕಟ್ಟೋವಾಗ್ಲೂ ಅವನು ಅಷ್ಟೇ ಅಂದಿದ್ದು" ಅಂದೆ.

ಯಾರಿಗೂ ಹೇಳಲ್ಲ ಅಂತ ಅವಳ ಮನೆ ತುಳಸಿ ಮುಟ್ಟಿ ಆಣೆ ಇಟ್ಟೆ. ಹೇಳಲೂ ಇಲ್ಲ. ಸೊಸೆಗೆ ಹೇಳಿದೆ, ಆದರೆ ಸೊಸೆ ಮನೆಯವಳು, 'ಯಾರಿಗೂ' ಅನ್ನೋದರಲ್ಲಿ ಬರಲ್ಲ. ಸೊಸೆಯೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಬೆರಳಲ್ಲಿ ಫೋನಿನ ಮೇಲೆ ಏನೋ ಒತ್ತುತ್ತಾ ಇದ್ದಳು ಅಷ್ಟೆ. ಸಾಯಂಕಾಲ ನಾನು ಮೊಸರು ತರೋಕೆ ಹೋದರೆ ಮೂಲೆ ಮನೆಯಾಕೆ ಗೇಟಿಗೆ ಆತ್ಕೊಂಡು, "ಅಜ್ಜಿ, ಬ್ಲೌಸಿನವಳು ಚೆನ್ನೈಗೆ ಹೋಗ್ತಾಳಂತೆ, ಗಂಡನ್ನ ಇಲ್ಲೇ ಬಿಟ್ಟು" ಅಂದಳು.

ನನಗೆ ಮೈಯೆಲ್ಲಾ ಉರಿದುಹೋಯಿತು. ಒಬ್ಬರ ಮನೆ ಗುಟ್ಟನ್ನ ಹೀಗೆ ಬೀದಿಗೆ ಎಳೀತಾರಾ? ಅದೂ ಎರಡೆರಡು ತಪ್ಪು. ತಪ್ಪು ಸುದ್ದಿ ಹರಡೋಕೆ ಬಿಡೋದು ಪಾಪ. ನಿಂತ ಜಾಗದಲ್ಲೇ ಹತ್ತು ನಿಮಿಷ ನಿಂತು, ಎಲ್ಲಾ ಸರಿಮಾಡಿ ಕಳಿಸಿದೆ.

೨. ಇನ್ನೂ ಊಟಕ್ಕೆ ಬಂದಿದೀನಿ

ಮಾರನೇ ದಿನ ಬೆಳಗ್ಗೆ ಮೂಲೆ ಮನೆಯಾಕೆ ಬ್ಲೌಸಿನವಳ ಬಾಗಿಲಲ್ಲಿ ಹಾಜರು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಕೇಸರಿಬಾತು.

"ನೀನು ಹೋಗ್ತೀಯ ಅಂತ ಕೇಳಿ ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೆ."

ಬ್ಲೌಸಿನವಳ ಕಣ್ಣು ತುಂಬಿತು.

"ಆ ಹಿತ್ತಲ ಕರಿಬೇವಿನ ಗಿಡ ನನಗೇ ಕೊಡ್ಬೇಕು. ಇನ್ಯಾರಿಗೂ ಮಾತು ಕೊಟ್ಟಿಲ್ಲ ತಾನೆ?"

ಅಲ್ಲಿಂದ ಶುರುವಾಯಿತು ನೋಡಿ. ಒಬ್ಬಳು ನೀರಿನ ಡ್ರಮ್ಮು ಕೇಳಿದಳು. ಇನ್ನೊಬ್ಬಳು ಬಾಗಿಲಿನ ತೋರಣ ಕೇಳಿದಳು, ಅದೂ ಅಳತೆ ಪಟ್ಟಿ ತಂದು ಬಾಗಿಲು ಅಳೆದ್ಕೊಂಡು. ಮೇಷ್ಟ್ರ ಹೆಂಡತಿ ಬಹಳ ಸಂಕೋಚದ ಹೆಂಗಸು. ಏನೂ ಕೇಳಲಿಲ್ಲ, ಬರೀ ರುಬ್ಬೋ ಕಲ್ಲಿನ ಮೇಲೆ ತನ್ನ ಹೆಸರು ಸೀಮೆಸುಣ್ಣದಲ್ಲಿ ಬರೆದು ಹೋದಳು.

ಮಧ್ಯಾಹ್ನ ಬ್ಲೌಸಿನವಳ ಗಂಡ ಊಟಕ್ಕೆ ಬಂದ. ದಿನಾ ವ್ಯಾನ್ ನಿಲ್ಲಿಸೋ ಜಾಗದಲ್ಲಿ ಯಾರದ್ದೋ ಕಾರು. ಹಾರ್ನ್ ಹೊಡೆದ. ಪಕ್ಕದ ಕಾಂಪೌಂಡಿನವನು ಬನಿಯನ್ನಲ್ಲಿ ಆಚೆ ಬಂದು, "ಅರೆ, ನೀವು ಹೈದರಾಬಾದಿಗೆ ಹೋದ್ರಿ ಅಂದ್ರಲ್ಲ ಅಣ್ಣ?" ಅಂದ.

"ಹೌದಾ? ನನಗೆ ಯಾರೂ ಹೇಳ್ಲಿಲ್ಲ. ನಾನಿನ್ನೂ ಊಟಕ್ಕೆ ಬಂದಿದೀನಿ" ಅಂದ ಪಾಪ.

ನಾನು ಜಗಲಿಯಿಂದಲೇ ಎಲ್ಲರಿಗೂ ಛೀಮಾರಿ ಹಾಕಿದೆ. ಬದುಕಿರೋ ಸಂಸಾರವನ್ನ ಹೀಗೆ ಹರಕೊಳ್ತೀರಲ್ಲ, ನಾಚಿಕೆ ಆಗಲ್ವಾ ಅಂತ. ಆಮೇಲೆ ಎದುರು ಮನೆ ಒಳಗೆ ಹೋಗಿ ಬ್ಲೌಸಿನವಳಿಗೆ ಹೇಳಿದೆ, "ಯಾರಿಗೆ ಏನಾದ್ರೂ ಕೊಡು, ಆ ಸ್ಟೂಲು ಮಾತ್ರ ನಂದು. ಇಪ್ಪತ್ತು ವರ್ಷ ಕೂತು ಕೂತು ಅದು ನನ್ನ ಆಕಾರಕ್ಕೆ ಬಂದಿದೆ. ಬೇರೆಯವರಿಗೆ ಆಗಲ್ಲ."

೩. ಮುಂದಿನ ವರ್ಷದ ಅಳತೆ

ಸಾಮಾನು ಮುಗಿದ ಮೇಲೆ ಹೆಂಗಸರಿಗೆ ಇನ್ನೊಂದು ಜ್ಞಾನೋದಯವಾಯಿತು. ಇವಳು ಹೋದರೆ ಬ್ಲೌಸು ಯಾರು ಹೊಲೀತಾರೆ?

ಇವಳ ಕೈಗುಣದ ಗುಟ್ಟು ಹೇಳ್ತೀನಿ. ಇದನ್ನೂ ಹೊಟ್ಟೆಯಲ್ಲೇ ಇಟ್ಕೊಳ್ಳಿ. ನಮ್ಮ ಬೀದಿಯ ಒಬ್ಬ ಹೆಂಗಸೂ ನಿಜವಾದ ಅಳತೆ ಹೇಳಲ್ಲ. "ಹೋದ ವರ್ಷದ್ದೇ ಅಳತೆ, ಏನೂ ಬದಲಾಗಿಲ್ಲ" ಅಂತ ಹಳೇ ಬ್ಲೌಸು ಕೊಟ್ಟು ಹೋಗ್ತಾರೆ. ಇವಳು ಹೂಂ ಅಂತಾಳೆ, ಕಣ್ಣಲ್ಲೇ ಅಳೀತಾಳೆ, ನೋಟ್‌ಬುಕ್ಕಲ್ಲಿ ನಿಜ ಬರ್ಕೋತಾಳೆ. ಹೊಲಿಯೋವಾಗ ಎರಡೂ ಪಕ್ಕ ಒಳಗಡೆ ಎರಡೆರಡು ಇಂಚು ಬಟ್ಟೆ ಬಿಟ್ಟಿರ್ತಾಳೆ. ದೀಪಾವಳಿಗೆ ಬಿಗಿಯಾದರೆ ಒಂದು ಹೊಲಿಗೆ ಬಿಚ್ಚಿ, ಐದು ನಿಮಿಷದಲ್ಲಿ ಸಡಿಲ ಮಾಡಿ, ಒಂದು ಮಾತೂ ಆಡದೆ ಕೊಡ್ತಾಳೆ. ಬಟ್ಟೆ ತೊಳೆದು ಕುಗ್ಗಿದೆ ಅಂತ ಅವರು ಅಂದರೆ, ಹೌದು ಈಗಿನ ಬಟ್ಟೆನೇ ಸರಿ ಇಲ್ಲ ಅಂತಾಳೆ.

ಮೂಲೆ ಮನೆಯಾಕೆ ದಿನಾ ಬೆಳಗ್ಗೆ ಬಿಳಿ ಬೂಟು ಹಾಕ್ಕೊಂಡು ಕೆರೆ ಸುತ್ತ ಐದು ಸುತ್ತು ಹಾಕ್ತಾಳೆ, ಸಣ್ಣಗಾದೆ ಅಂತ ಬೀದಿಗೆಲ್ಲ ಸಾರ್ತಾಳೆ. ನಾನು ಒಂದ್ಸಲ ಆ ನೋಟ್‌ಬುಕ್ಕು ಇಣುಕಿ ನೋಡಿದೀನಿ. ಸುತ್ತಿ ಸುತ್ತಿ ಕೆರೆ ಸಣ್ಣದಾಗಿದೆ, ಅವಳಲ್ಲ.

ಅಂಥವಳು ಆ ಗುರುವಾರ ಆರು ಬ್ಲೌಸ್ ಪೀಸು ತಂದು ಮೆಶೀನಿನ ಮೇಲೆ ಇಟ್ಟಳು.

"ಎಲ್ಲಾ ಒಂದೇ ಅಳತೆನಾ ಅಕ್ಕ?" ಅಂತ ಇವಳು ಕೇಳಿದಳು.

ಮೂಲೆ ಮನೆಯಾಕೆ ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಹಸಿರಿನದ್ದು ಈ ವರ್ಷಕ್ಕೆ. ನೀಲಿ ಬರೋ ವರ್ಷಕ್ಕೆ, ಒಂದಿಂಚು ಜಾಸ್ತಿ ಇಡು. ಕೆಂಪು ಅದರ ಮುಂದಿನ ವರ್ಷಕ್ಕೆ, ಇನ್ನೊಂದಿಂಚು. ಹೀಗೇ ಏರಿಸ್ಕೊಂಡು ಹೋಗು" ಅಂದಳು.

"ಆರನೇದಕ್ಕೆ ಈ ಬಟ್ಟೆ ಸಾಲಲ್ವಲ್ಲ ಅಕ್ಕ" ಅಂದಳು ಇವಳು.

ಮೇಷ್ಟ್ರ ಹೆಂಡತಿ ಮಗಳ ಮದುವೆ ಬ್ಲೌಸು ಹೊಲಿಸೋಕೆ ಬಂದಳು. ನನಗೆ ತಿಳೀದೆ ಈ ಬೀದಿಯಲ್ಲಿ ಮದುವೆ ಗೊತ್ತಾಯಿತಾ ಅಂತ ನನ್ನ ಎದೆಯೇ ನಿಂತುಹೋಯಿತು.

"ಹುಡುಗ ಎಲ್ಲಿಯವನು?" ಅಂದೆ.

"ಹುಡುಗ ಇನ್ನೂ ಸಿಕ್ಕಿಲ್ಲ ಅಜ್ಜಿ. ಹುಡುಗ ಹೇಗಾದ್ರೂ ಸಿಗ್ತಾನೆ, ಇಂಥ ಟೈಲರ್ ಸಿಗ್ತಾಳಾ?"

ಅದು ಮಾತ್ರ ನಾನು ಒಪ್ಪಿದೆ. ವಾರದೊಳಗೆ ಆ ಮುಂದಿನ ರೂಮಲ್ಲಿ ಬಟ್ಟೆ ಗಂಟು ಸೀಲಿಂಗ್ ಮುಟ್ಟಿತು. ಹೋಗೋಕೆ ಮುಂಚೆ, ಹೋಗೋಕೆ ಮುಂಚೆ ಅಂತ ಎಲ್ಲರೂ ತಂದು ಸುರಿದರು. ಗಂಡ ಅನ್ನದ ತಟ್ಟೆ ಹಿಡ್ಕೊಂಡು ಎಲ್ಲಿ ಕೂರೋದು ಅಂತ ತಿರುಗಿ ತಿರುಗಿ ನೋಡಿ, ಕೊನೆಗೆ ವ್ಯಾನಿನಲ್ಲಿ ಕೂತು ಉಂಡ.

೪. ಅಮ್ಮನವರ ಹೂವು

ಇಷ್ಟಾದರೂ ಬ್ಲೌಸಿನವಳ ಮನಸ್ಸು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹೈದರಾಬಾದಿನ ಮೇಡಂದು ದಿನಾ ಫೋನು. "ಏಮ್ಮಾ, ಎಪ್ಪುಡು ವಸ್ತಾರು?" ಅಂತ, ಯಾವಾಗ ಬರ್ತೀರಿ ಅಂತ. ಇವಳು ಬರ್ತೀನಿ ಅಂತ "ವಸ್ತಾನು ಮೇಡಂ" ಅನ್ನೋದು, ಫೋನಿಟ್ಟು ಪೆಚ್ಚಾಗಿ ಕೂರೋದು.

"ಹೂ ಕೇಳ್ಸೋಣ ಬಾ" ಅಂತ ನಾನೇ ಕೋಣನಕುಂಟೆ ಕಡೆಯ ಅಮ್ಮನ ಗುಡಿಗೆ ಕರ್ಕೊಂಡು ಹೋದೆ. ನಮ್ಮ ಕಡೆ ದೊಡ್ಡ ತೀರ್ಮಾನವೆಲ್ಲ ಹೀಗೇ. ಪೂಜಾರಿ ಅಮ್ಮನವರ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂವು ಅಂಟಿಸ್ತಾನೆ. ಬೇಡ್ಕೊಂಡು ಕೂರಬೇಕು. ಬಲಗಡೆ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ನಮ್ಮ ಹೊಲ ಮಾರೋವಾಗ್ಲೂ ಹೀಗೇ ಕೇಳಿದ್ದು. ಅಮ್ಮ ಎಡಕ್ಕೆ ಕೊಟ್ಟಳು, ನಮ್ಮೋರು ಆದ್ರೂ ಮಾರಿದರು. ಅದು ಬೇರೆ ಕಥೆ.

ಬ್ಲೌಸಿನವಳು ಸೆರಗು ಒಡ್ಡಿ, "ತಾಯಿ, ಹೈದರಾಬಾದಿಗೆ ಹೋಗ್ಲಾ?" ಅಂದಳು. ಕೂತೆವು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಹೂವು ಮಿಸುಕಲಿಲ್ಲ. ಪೂಜಾರಿ ಆಕಳಿಸಿದ. ಬೇಸಿಗೆ ಬೇರೆ, ಗರ್ಭಗುಡಿ ಮುಂದೆ ಉಸಿರುಕಟ್ಟೋ ಸೆಖೆ. ಗೋಡೆ ಮೇಲೆ ಒಂದು ಫ್ಯಾನಿದೆ. ದಾನ ಕೊಟ್ಟವರು ರೆಕ್ಕೆ ಮೇಲೆ ತಮ್ಮ ಹೆಸರು ಬರೆಸಿದಾರೆ. ತಿರುಗಿದರೆ ಹೆಸರು ಕಾಣಲ್ಲ ಅಂತ ಹೆಚ್ಚಾಗಿ ಆಫ್ ಮಾಡೇ ಇಟ್ಟಿರ್ತಾರೆ.

ಆಗ ನೋಡಿದೆ. ಬಲಗಡೆ ಹೂವು ಮೆಲ್ಲಗೆ ಒಂದು ಕೂದಲೆಳೆ ಜಾರಿತು. ಬ್ಲೌಸಿನವಳು ಕಣ್ಣು ಮುಚ್ಚಿದ್ದಳು. ಪೂಜಾರಿ ಆಚೆ ನೋಡ್ತಿದ್ದ. ಹೂವು ಇನ್ನೊಂದೆಳೆ ಜಾರಿತು.

ನಿಮ್ಮ ಹತ್ತಿರ ಯಾಕೆ ಮುಚ್ಚುಮರೆ. ಸ್ವಿಚ್ಚು ನನ್ನ ಬೆನ್ನ ಹಿಂದೇನೇ ಇತ್ತು. ವಯಸ್ಸಾದವಳು, ಸೆಖೆ ತಡೀಲಿಲ್ಲ, ಒತ್ತಿದೆ.

ಫ್ಯಾನು ಗರ್ ಅಂದದ್ದೇ ತಡ, ಎಡಗಡೆ ಹೂವು, ಬಲಗಡೆ ಹೂವು, ಕಿರೀಟದ ಹೂವು, ಮುಂದಿದ್ದ ಬಿಲ್ವಪತ್ರೆ, ಮಂಗಳಾರತಿ ತಟ್ಟೆಯ ಕುಂಕುಮ, ಎಲ್ಲಾ ಒಟ್ಟಿಗೆ ಎದ್ದು ಬಂದು ಮೂವರ ಮುಖಕ್ಕೂ ಬಿತ್ತು. ಪೂಜಾರಿ ಕೆಮ್ಮಿ, ಕಣ್ಣಿನ ಕುಂಕುಮ ಒರೆಸ್ಕೊಂಡು, ಇಬ್ಬರನ್ನೂ ನೋಡಿ, ಬಹಳ ಭಕ್ತಿಯಿಂದ ಹೇಳಿದ:

"ಅಮ್ಮನಿಗೂ ಏನೂ ತೋಚ್ತಿಲ್ಲ ಅಂತ ಕಾಣುತ್ತೆ. ಹೋಗಿ ಒಂದು ವಾರ ನೋಡ್ಕೊಂಡು ಬಾರಮ್ಮ."

೫. ಕೊನೇ ಬ್ಲೌಸು

ಒಂದು ವಾರಕ್ಕೆ ಅಂತ ಟಿಕೆಟ್ ಮಾಡಿಸಿದಳು. ಒಂದು ವಾರಕ್ಕೆ ಅಂತ ಅವಳು ಎಷ್ಟು ಬಡ್ಕೊಂಡರೂ ಬೀದಿಯವರು ಕೇಳಲಿಲ್ಲ. ಮೂರು ಮನೆಯಲ್ಲಿ ಬೀಳ್ಕೊಡುಗೆ ಊಟ ಹಾಕಿದರು. ಅರಿಶಿನ ಕುಂಕುಮ ಕೊಟ್ಟರು, ಮಡಿಲು ತುಂಬಿದರು. ಮೂಲೆ ಮನೆಯಾಕೆ ಕಣ್ಣೀರು ಹಾಕುತ್ತಾ ಕರಿಬೇವಿನ ಬುಡಕ್ಕೆ ಗುದ್ದಲಿ ಹಾಕಿಸಿದಳು. ಬೇರು ಆಳ ಇತ್ತು, ಬರಲಿಲ್ಲ.

ಹೊರಡೋ ಹಿಂದಿನ ದಿನ ನಾನು ಹೋದೆ. ಕೈಯಲ್ಲಿ ಒಂದು ಗಂಟು. ಒಳಗೆ ನನ್ನ ಮದುವೆ ರೇಷ್ಮೆ ಸೀರೆ, ಮೆಂತ್ಯದ ಬಣ್ಣದ್ದು.

"ಇದಕ್ಕೊಂದು ಬ್ಲೌಸು ಹೊಲ್ಕೊಡು" ಅಂದೆ.

"ಯಾವ ಫಂಕ್ಷನ್ ಅಜ್ಜಿ?"

"ನನ್ನದೇ. ನಾನು ಸತ್ತಾಗ ಉಡಿಸೋಕೆ ಇಟ್ಕೊಂಡಿರೋ ಸೀರೆ. ನೀನು ಹೊರಟುಹೋದ ಮೇಲೆ ಯಾರು ಹೊಲೀತಾರೆ? ನಮ್ಮ ಸೊಸೆ ರೆಡಿಮೇಡ್ ತಂದು ಹಾಕ್ತಾಳೆ. ತೋಳು ಜೋತಾಡುತ್ತೆ. ಬೀದಿಯೆಲ್ಲ ಬಂದು ನೋಡೋ ದಿನ ಹಂಗೆ ಮಲಗೋಕಾಗುತ್ತಾ?"

 ಅವಳು ಟೇಪು ಕೊರಳಿಗೆ ಹಾಕ್ಕೊಂಡು ಕೇಳಿದಳು. "ಅಳತೆ ಈಗಿಂದು ಇಡ್ಲಾ, ಆವತ್ತಿಂದು ಇಡ್ಲಾ?"

"ನೀನೇ ಅಂದಾಜು ಮಾಡು."

"ಒಳಗೆ ಎರಡಿಂಚು ಬಿಡ್ಲಾ?"

"ಬಿಡು. ಸತ್ತೋರು ಊದ್ಕೋತಾರೆ" ಅಂದೆ.

ಅವಳು ನಗಲಿಲ್ಲ. ಗಂಟನ್ನ ಬೇರೆ ಬಟ್ಟೆ ಜೊತೆ ಇಡಲಿಲ್ಲ, ಒಳಗೆ ಬೀರುವಿನಲ್ಲಿ ಇಟ್ಟು ಬಂದಳು. ಮಾರನೇ ದಿನ ರೈಲು ಹತ್ತಿದಳು.

ಆ ವಾರ ನಾನು ಹನ್ನೊಂದು ಗಂಟೆಗೆ ಎದ್ದು ಅವಳ ಬಾಗಿಲವರೆಗೂ ಹೋಗೋದು, ಬೀಗ ನೋಡಿ ವಾಪಸ್ ಬರೋದು. ಒಂದು ದಿನ ಅವಳ ಗಂಡ ಒಳಗಿದ್ದ. ಕರುಣೆ ಬಂದು, "ಕೂತ್ಕೊಳ್ಳಿ ಅಜ್ಜಿ, ನನ್ನ ಹತ್ರಾನೇ ಹೇಳಿ" ಅಂದ. ಮೂಲೆ ಮನೆಯಾಕೆ ವಿಷಯ ಒಂದು ಗಂಟೆ ಹೇಳಿದೆ. ಎಲ್ಲದಕ್ಕೂ "ನೀವು ಹೇಗಂದ್ರೆ ಹಾಗೆ ಅಜ್ಜಿ" ಅಂದ. ಅಂಥವನ ಹತ್ತಿರ ಚಾಡಿ ಹೇಳೋದು, ಕಲ್ಲಿಗೆ ಎಣ್ಣೆ ತಿಕ್ಕೋದು, ಎರಡೂ ಒಂದೇ.

ಎಂಟನೇ ದಿನ ಬೆಳಗ್ಗೆ ಅವಳು ಬಂದಿಳಿದಳು. ಮಡಿಲು ತುಂಬಿ ಕಳಿಸಿದ ಮೂರು ಮನೆಯವರಿಗೂ ಮುಖ ಸಣ್ಣದಾಯಿತು. "ಇಷ್ಟು ಬೇಗ ಬಂದ್ಬಿಟ್ಯಾ?" ಅಂತ ಒಬ್ಬಳು ಕೇಳಿಯೂ ಬಿಟ್ಟಳು, ಕರಿದು ಬಡಿಸಿದ ಹಪ್ಪಳ ವಾಪಸ್ ಕೊಡು ಅನ್ನೋ ಹಾಗೆ. ನಾನು ಹನ್ನೊಂದು ಹೊಡೆಯೋಕೆ ಮುಂಚೆಯೇ ಹೋಗಿ ಸ್ಟೂಲು ಹಿಡಿದೆ.

"ಹೇಗಿತ್ತು?"

"ಎಲ್ಲಾ ಚೆನ್ನಾಗಿದೆ ಅಜ್ಜಿ. ಎಸಿ ಇದೆ, ಕರೆಂಟ್ ಮೆಶೀನಿದೆ. ಮೇಡಂ ಬಂಗಾರದಂಥೋರು. ಆದ್ರೆ ಅಲ್ಲಿ ಗಿರಾಕಿ ಮುಖಾನೇ ಕಾಣ್ಸಲ್ಲ. ಫೋನಲ್ಲಿ ನಂಬರ್ ಬರುತ್ತೆ, ಮೂವತ್ತಾರು, ಮೂವತ್ತೆಂಟು ಅಂತ. ನಾನು ಒಳಗೆ ಎರಡಿಂಚು ಬಿಟ್ಟೆ. ಬಟ್ಟೆ ದಂಡ ಅಂತ ಆ ಹುಡುಗಿಯರು ಕತ್ತರಿಸಿ ಹಾಕಿದ್ರು. ಹೆಂಗಸು ದಪ್ಪ ಆದ್ರೆ ಅಂದೆ. ಹೊಸದು ಹೊಲಿಸ್ಕೋತಾರೆ ಅಂದ್ರು. ಏಳು ದಿನ ಹೊಲಿದೆ ಅಜ್ಜಿ, ಯಾರ ಮದುವೆಗೆ ಅಂತಾನೇ ಗೊತ್ತಾಗ್ಲಿಲ್ಲ. ಹುಡುಗಿಗೆ ಅತ್ತೆ ಹೇಗೆ, ಓಡಿಹೋಗಿ ಮದುವೆಯಾಗೋಳಾ, ಒಂದೂ ಗೊತ್ತಿಲ್ದೆ ಹೊಲಿಗೆ ಹೇಗೆ ಬೀಳುತ್ತೆ? ಎರಡು ಸಲ ಬೆರಳಿಗೆ ಸೂಜಿ ಚುಚ್ಕೊಂಡೆ."

"ಅಂದ್ರೆ?"

"ಅಂದ್ರೆ ಹೋಗಲ್ಲ. ಮೇಡಂಗೂ ಹೇಳಿ ಬಂದೆ."

ನನಗೆ ಎದೆ ಹಗುರಾಯಿತು. ಆದರೆ ತೋರಿಸ್ಕೊಳ್ಳಲಿಲ್ಲ. "ನಿನ್ನಿಷ್ಟಮ್ಮ, ನನಗೇನು" ಅಂದು ಸೀರೆ ನೆರಿಗೆ ಸರಿಮಾಡ್ಕೊಂಡು ಎದ್ದೆ. ಬೀದಿಯವರು ಕಾಯ್ತಿರ್ತಾರಲ್ಲ.

"ಅಜ್ಜಿ, ಕೂತ್ಕೊಳ್ಳಿ. ಈ ಸಲ ನಿಜವಾಗ್ಲೂ ಯಾರಿಗೂ ಹೇಳ್ಬೇಡಿ. ನಾನು ಹೋಗಲ್ಲ ಅಂತ ಗೊತ್ತಾದ್ರೆ ಎಲ್ರೂ ಈ ಬಟ್ಟೆನೆಲ್ಲ ವಾಪಸ್ ತಗೊಂಡು ಹೋಗ್ತಾರೆ. ಶ್ರಾವಣದವರೆಗೂ ನಾನು ಹೊರಟೇ ಇರ್ತೀನಿ."

"ನಾನು ಹೇಳೋಳಾ?" ಅಂತ ನನಗೆ ಸಿಟ್ಟು ಬಂತು. "ಹೋದ್ಸಲ ನಾನು ಹೇಳಿದೆ ಅಂತಾನಾ ನೀನು ಅನ್ಕೊಂಡಿರೋದು?"

ಅವಳು ಮೆಶೀನಿಂದ ತಲೆ ಎತ್ತಿದಳು. ಬೀರುವಿಂದ ನನ್ನ ಗಂಟು ತಂದು, ಹೊಲಿಯದೆ, ಮಡಿಕೆ ಬಿಚ್ಚದೆ, ಹಾಗೇ ನನ್ನ ಮಡಿಲಲ್ಲಿ ಇಟ್ಟಳು. ಇಟ್ಟು ನನ್ನ ಮುಖಕ್ಕೇ ಹೇಳಿದಳು:

"ನೀವು ಹೇಳ್ತೀರ ಅಂತಾನೇ ಅಜ್ಜಿ ನಿಮಗೆ ಹೇಳಿದ್ದು. ಹೋಗ್ಬೇಡ ಅಂತ ಬೀದೀಲಿ ಯಾರಾದ್ರೂ ಒಬ್ರು ಅಂತಾರಾ ನೋಡೋಣ ಅಂತ. ಕರಿಬೇವಿನ ಗಿಡ ಕೇಳಿದ್ರು, ಡ್ರಮ್ಮು ಕೇಳಿದ್ರು. ನೀವು ಸ್ಟೂಲು ಕೇಳಿದ್ರಿ. ದೇವಸ್ಥಾನದಲ್ಲಿ ಫ್ಯಾನ್ ಹಾಕಿದ್ರಿ, ಕಣ್ಣು ಮುಚ್ಚಿದ್ರೂ ಸ್ವಿಚ್ ಟಕ್ ಅಂದಿದ್ದು ಕೇಳಿಸ್ತು. ಹೆಣಕ್ಕೆ ಉಡಿಸೋ ಸೀರೆ ಬೇರೆ ಹೊತ್ಕೊಂಡು ಬಂದ್ರಿ. ಹೋಗ್ಬೇಡ ಕಣೆ ಅನ್ನೋ ಎರಡು ಮಾತು ಮಾತ್ರ ನಿಮ್ಮ ಬಾಯಿಂದ ಆಚೆ ಬರ್ಲಿಲ್ಲ. ಹುಟ್ಟಿದಾಗಿನಿಂದ ನೀವು ಕಾಪಾಡಿರೋ ಗುಟ್ಟು ಅದೊಂದೇ ನೋಡಿ ಅಜ್ಜಿ."